ಕನ್ನಡ ಕರಾವಳಿಯ ವಿದ್ಯುದಾಗಾರಗಳು

ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕಸಂಗ್ರಹವನ್ನು ಓದುವ ಬಾಲಕರು ತೇಜಸ್ಸೆಂಬುದು ವಿಷಯಭೇದದಿಂದ ನಾಲ್ಕು ವಿಧವೆಂದು ಕಂಠಪಾಠ ಮಾಡುತ್ತಾರೆ. ಸೌದೆಯೇ ಮೊದಲಾದ ಮಣ್ಣಿನ ಪದಾರ್ಥಗಳಿಂದ ಉರಿಯುವ ಬೆಂಕಿಯು ಭೌಮ. ನೀರನ್ನೇ ಇಂಧನವಾಗಿ ಉಳ್ಳ ಮಿಂಚು ಮೊದಲಾದುದು ದಿವ್ಯ. ಉಂಡ ಅನ್ನವನ್ನು ಅರಗಿಸುವ ಜಠರಾಗ್ನಿಯು ಉದರ್ಯ. ಗಣಿಯಲ್ಲಿ ಹುಟ್ಟುವ ಚಿನ್ನ ಮೊದಲಾದುದು ಆಕರಜ. ಇವುಗಳಲ್ಲಿ ದಿವ್ಯತೇಜಸ್ಸಿಗೆ ಅನ್ನಂಭಟ್ಟನು ಇಟ್ಟಿರುವ 'ಅಬಿಂಧನ'ವೆಂಬ ವಿಶೇಷಣವು ಮಳೆಗಾಲದ ಮೋಡವನ್ನು ನೋಡಿ ಮಾಡಿದ ಊಹೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೈಸೂರು ಸಂಸ್ಥಾನದಲ್ಲಿ ಅದು ಅಕ್ಷರಶಃ ನಿಜವಾಯಿತು. 1902ನೆಯ ಇಸವಿ ಜೂನ್ ತಿಂಗಳ ಕೊನೆಯಲ್ಲಿ ಶಿವನಸಮುದ್ರದ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ದಿವ್ಯತೇಜಸ್ಸು ಮೊದಲು ಊಳಿಗಕ್ಕೆ ನಿಂತುದು ಆಕರಜತೇಜಸ್ಸಿಗೆ ಎಂದು ತಾರ್ಕಿಕರು ನಗಬಹುದು. ಬೆಂಗಳೂರಿನ ಬೀದಿಗೆ ದೀಪ ಬಂದುದು ಮೂರು ವರ್ಷಗಳ ತರುವಾಯ, 1905ನೆಯ ಆಗಸ್ಟಿನಲ್ಲಿ.

ಅಂದಿನಿಂದ ಎಂಬತ್ತು ವರ್ಷಗಳಿಗೂ ಮೀರಿದ ಕಾಲ ಕನ್ನಡನಾಡಿನ ವಿದ್ಯುತ್ತಿನ ಚರಿತ್ರೆಯು ನೀರಿನ ಚರಿತ್ರೆಯೇ ಆಗಿತ್ತು. ಶಿಂಷಾ, 1948ರಲ್ಲಿ ಆರಂಭವಾದ ಜೋಗ, 1960ರ ದಶಕದ ಶರಾವತಿ, ಲಕ್ಕವಳ್ಳಿಯ ಭದ್ರಾ ಎಂಬಿವೆಲ್ಲವೂ ಅಬಿಂಧನಗಳೇ. ಇವುಗಳಿಗೆಲ್ಲ ಸಾಧಾರಣವಾದ ಧರ್ಮವೊಂದುಂಟು. ಆಗಾರವು ಎಲ್ಲಿರಬೇಕೆಂಬುದನ್ನು ಮನುಷ್ಯನು ಗೊತ್ತುಮಾಡಲಿಲ್ಲ. ನದಿಯು ಎಲ್ಲಿ ಧುಮುಕಿತೋ ಅಲ್ಲಿಗೆ ಅವನು ಹೋಗಬೇಕಾಯಿತು. ಆದುದರಿಂದಲೇ ಈ ಸ್ಥಳಗಳಿಗೆ ಆಗಾರ ಬರುವುದಕ್ಕೆ ಮೊದಲೇ ಹೆಸರಿತ್ತು, ಪುರಾಣವಿತ್ತು, ಯಾತ್ರಿಕರಿದ್ದರು.

ಕರಾವಳಿಯ ವಿದ್ಯುದಾಗಾರಗಳ ಚರಿತ್ರೆಯು ಇದಕ್ಕೆ ನೇರವಾಗಿ ವಿರುದ್ಧವಾದುದು. ಅದು ಇನ್ನೂ ಚಿಕ್ಕದು. ಇಪ್ಪತ್ತೈದು ವರ್ಷಗಳಿಗೆ ಅಷ್ಟಾಗಿ ಮೀರಿದುದಲ್ಲ. ಆದರೂ ವಿಚಾರಾರ್ಹವಾದುದು. ಏಕೆಂದರೆ ಇಲ್ಲಿ ಸ್ಥಳವು ಆಗಾರಕ್ಕೆ ಕೊಡುವುದು ತೀರ ಅಲ್ಪ. ಆಗಾರವು ಸ್ಥಳದಲ್ಲಿ ಬಿಡುವುದು ಅಲ್ಪವಲ್ಲ.

ಕರಾವಳಿಯ ಆಗಾರವೆಂದರೆ ಯಾವುದೆಂಬುದನ್ನು ಮೊದಲು ನಿಷ್ಕರ್ಷಿಸಬೇಕು. ಕಡಲಿರುವ ಜಿಲ್ಲೆಯಲ್ಲಿದ್ದ ಮಾತ್ರಕ್ಕೆ ಒಂದು ಆಗಾರವು ಕರಾವಳಿಯದಾಗುವುದಿಲ್ಲ. ಉಡುಪಿ ಜಿಲ್ಲೆಯ ಹೊಸಂಗಡಿಯಲ್ಲಿ ನೆಲದೊಳಗೆ ಕಟ್ಟಿರುವ ವಾರಾಹಿಯ ಆಗಾರವು ಘಟ್ಟದ ಮೇಲಣ ಮಾಣಿ ಜಲಾಶಯದ ನೀರನ್ನು ನೆಚ್ಚಿದುದು. ಗೇರುಸೊಪ್ಪೆಯದು ಶರಾವತಿಯ ನೀರನ್ನು ಕೊನೆಯ ಬಾರಿಗೆ ದುಡಿಸಿಕೊಳ್ಳುವುದು. ಕಾರವಾರ ತಾಲ್ಲೂಕಿನ ಕೈಗಾದ ಅಣುವಿದ್ಯುದಾಗಾರವು ತಂಪಿಗಾಗಿ ಆಶ್ರಯಿಸಿರುವುದು ಕಡಲನ್ನಲ್ಲ, ಕಾಳಿ ನದಿಗೆ ಕದ್ರಾದಲ್ಲಿ ಕಟ್ಟಿದ ಜಲಾಶಯವನ್ನು. ಹೀಗೆ ಕಳೆದರೆ ಕಡಲನ್ನೇ ನಂಬಿ, ಹಡಗಿನ ದಾರಿಯನ್ನೇ ಆಧಾರವಾಗಿಟ್ಟುಕೊಂಡು ಹುಟ್ಟಿದ ದೊಡ್ಡ ಆಗಾರಗಳು ಎರಡೇ ಉಳಿಯುತ್ತವೆ. ಒಂದು ಮಂಗಳೂರಿನ ತಣ್ಣೀರುಬಾವಿಯದು. ಇನ್ನೊಂದು ಪಡುಬಿದ್ರಿಯ ಬಳಿಯ ಎಲ್ಲೂರಿನದು.

ಇಲ್ಲಿ ಒಂದು ಆಕ್ಷೇಪವನ್ನು ತರಬಹುದು. ಭೌಮಾಗ್ನಿಯಿಂದ ವಿದ್ಯುತ್ತನ್ನು ಪಡೆಯುವುದು ಕರಾವಳಿಯಲ್ಲಿ ಮೊದಲಾದುದಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲೇ ಕಲ್ಲಿದ್ದಲಿನ ಆಗಾರವು ನಡೆಯತೊಡಗಿತ್ತಲ್ಲ, ಹಾಗಿರುವಲ್ಲಿ ಕರಾವಳಿಯದನ್ನು ಬೇರೆ ಮಾಡಿ ಹೇಳುವುದೇಕೆ? ಸಮಾಧಾನವೇನೆಂದರೆ: ರಾಯಚೂರಿನದಕ್ಕೆ ಪಕ್ಕದಲ್ಲೇ ಕೃಷ್ಣಾನದಿಯುಂಟು, ಇದ್ದಲು ಬಹುಮಟ್ಟಿಗೆ ನೆರೆಯ ಸಿಂಗರೇಣಿ ಮೊದಲಾದ ಸ್ವದೇಶದ ಗಣಿಗಳದು. ಕರಾವಳಿಯದಕ್ಕೆ ಇಂಧನವು ದ್ವೀಪಾಂತರದಿಂದ ಬರಬೇಕು; ನದಿಯ ಸಿಹಿನೀರನ್ನು ಮಹಾಪ್ರಮಾಣದಲ್ಲಿ ಎತ್ತುವಂತಿಲ್ಲವಾಗಿ ಕಡಲಿನ ಉಪ್ಪುನೀರನ್ನೇ ತರಬೇಕು. ಅಲ್ಲಿಯ ನೆಲದ್ದೆಂದು ಹೇಳಬಹುದಾದುದು ನಿಲ್ಲುವುದಕ್ಕೆ ಬೇಕಾದ ಜಾಗವೊಂದೇ.

ತಣ್ಣೀರುಬಾವಿಯದಕ್ಕೆ ಆ ಜಾಗವೂ ಬೇಕಾಗಲಿಲ್ಲ. ಗುರುಪುರ ಹೊಳೆಯು ಕಡಲನ್ನು ಸೇರುವ ಮುನ್ನ ಬಹುದೂರ ಕಡಲಿಗೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿದು ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಹೀಗೆ ಒಂದು ಕಡೆ ಹೊಳೆಯ ಸವುಳುನೀರು, ಇನ್ನೊಂದು ಕಡೆ ಕಡಲಿನ ಉಪ್ಪುನೀರು, ನಡುವೆ ಮರಳಿನ ಪಟ್ಟೆ. ಆ ಮರಳಿನ ಮೇಲಣ ಊರಿಗೆ ತಣ್ಣೀರುಬಾವಿಯೆಂದು ಹೆಸರಾಗಿರುವುದನ್ನು ಗಮನಿಸಬೇಕು. ಉಪ್ಪಿನ ನಡುವೆ ಕುಡಿಯುವ ನೀರು ಸಿಕ್ಕಿದುದೇ ಆ ಊರಿನ ಮಹಿಮೆಯೆಂದು ಹೆಸರಿಟ್ಟವರು ಭಾವಿಸಿದ್ದಂತೆ ತೋರುತ್ತದೆ. ಅಲ್ಲಿ 2001ರಲ್ಲಿ ನಡೆಯತೊಡಗಿದ 220 ಮೆಗಾವಾಟಿನ ಆಗಾರವು ಕಟ್ಟಡವಾಗಿರಲಿಲ್ಲ, ದೋಣಿಯಾಗಿತ್ತು. ಯಂತ್ರಗಳನ್ನೆಲ್ಲ ದೊಡ್ಡ ಚಪ್ಪಟೆ ನಾವೆಯ ಮೇಲೆ ಜೋಡಿಸಿ, ಕಡಲ ಮೇಲೆ ತಂದು, ಹೊಳೆಯಲ್ಲಿ ಕಟ್ಟಿ ನಿಲ್ಲಿಸಲಾಯಿತು. ನಾಫ್ತಾ ಎಂಬ, ಕಲ್ಲೆಣ್ಣೆಯ ಹಗುರವಾದ ಭಾಗವು ಅದರ ಇಂಧನ. ಮೊದಲು ಉರಿಯ ಬಿಸಿಗಾಳಿಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರಲ್ಲಿ ಮಿಕ್ಕ ಶಾಖದಿಂದ ನೀರನ್ನು ಕಾಯಿಸಿ, ಆ ಉಗಿಯಿಂದ ಇನ್ನೊಂದು ಚಕ್ರವನ್ನು ತಿರುಗಿಸುವ ಎರಡುಪಟ್ಟಿನ ಕ್ರಮವನ್ನು ಅದರಲ್ಲಿ ಅಳವಡಿಸಿದ್ದರು.

ಆ ನಾವೆಯ ಆಯುಷ್ಯವು ಕರಾರಿನಷ್ಟೇ ಉದ್ದವಾಗಿತ್ತು. ರಾಜ್ಯದೊಡನೆ ಮಾಡಿಕೊಂಡ ಏಳು ವರ್ಷಗಳ ಒಪ್ಪಂದವು 2008ರಲ್ಲಿ ಮುಗಿಯಿತು. ನಾಫ್ತಾದ ಬೆಲೆಯಿಂದ ಯೂನಿಟ್ಟಿನ ದರ ದುಬಾರಿಯಾಗಿತ್ತು. ಅದನ್ನು ಮುಂದುವರಿಸುವ ಉತ್ಸಾಹವು ರಾಜ್ಯಕ್ಕಿರಲಿಲ್ಲ. ಅಷ್ಟರಲ್ಲಿ ಆಂಧ್ರದ ಕೃಷ್ಣಾ–ಗೋದಾವರಿ ಮುಖಜಭೂಮಿಯ ಕಡಲಿನಲ್ಲಿ ಅನಿಲವು ದೊರೆತಿತ್ತು. ಆಗಾರವನ್ನು ಕಟ್ಟಿದ ಕಡೆಯಿಂದ ಬಿಚ್ಚಿ, ಕನ್ಯಾಕುಮಾರಿಯನ್ನು ಸುತ್ತಿಸಿ, ಪೂರ್ವತೀರದ ಕಾಕಿನಾಡಕ್ಕೆ ಒಯ್ದರು. ಜೋಗದ ಆಗಾರವನ್ನು ಹೀಗೆ ಎತ್ತಿಕೊಂಡು ಹೋಗುವುದನ್ನು ಊಹಿಸುವುದೂ ಸಾಧ್ಯವಿಲ್ಲ. ಸ್ಥಳಕ್ಕೂ ಆಗಾರಕ್ಕೂ ಸಮವಾಯಸಂಬಂಧವಿಲ್ಲ, ಇರುವುದು ಸಂಯೋಗಸಂಬಂಧ ಮಾತ್ರ ಎಂಬುದಕ್ಕೆ ಇದಕ್ಕಿಂತ ಸ್ಫುಟವಾದ ದೃಷ್ಟಾಂತವು ದೊರೆಯಲಾರದು. ಈ ಸಂಯೋಗವು ಬಿಟ್ಟಾಗ ಹಿಂದೆ ಉಳಿದುದು ಹೆಚ್ಚೇನೂ ಇಲ್ಲ; ತಣ್ಣೀರುಬಾವಿಯು ಈಗ ಜನರು ಸಂಜೆಯ ಹೊತ್ತು ವಿಹಾರಕ್ಕೆ ಹೋಗುವ ಕಡಲ ದಂಡೆಯೆಂದೇ ಪ್ರಸಿದ್ಧವಾಗಿದೆ.

ಎಲ್ಲೂರಿನ ಕಥೆ ಹೀಗಲ್ಲ.

ಎಲ್ಲೂರು ಉಡುಪಿಗೂ ಮಂಗಳೂರಿಗೂ ನಡುವೆ, ಈಗಿನ ಕಾಪು ತಾಲ್ಲೂಕಿನಲ್ಲಿ, ಕಡಲಿನಿಂದ ಕೆಲವೇ ಕಿಲೋಮೀಟರು ಒಳಗಿರುವ ಗ್ರಾಮ. ಅಲ್ಲಿಯ ವಿಶ್ವನಾಥನ ಸನ್ನಿಧಿಯು ಪ್ರಾಚೀನವಾದುದು. ಸೀಯಾಳದ ಅಭಿಷೇಕವು ಅಲ್ಲಿಯ ಪ್ರಸಿದ್ಧವಾದ ಹರಕೆ. ಸುತ್ತಲೂ ಗದ್ದೆ, ತೆಂಗು, ಬಾವಿ. ಸ್ವಲ್ಪ ಉತ್ತರಕ್ಕೆ ಹೋದರೆ ಶಂಕರಪುರದ ಮಲ್ಲಿಗೆಯ ಸೀಮೆ, ಮಟ್ಟು ಗ್ರಾಮದ ಗುಳ್ಳದ ಗದ್ದೆಗಳು. ಈ ಮಲ್ಲಿಗೆಯನ್ನು ಉಡುಪಿ ಮಲ್ಲಿಗೆಯೆಂಬ ಹೆಸರಿನಲ್ಲಿಯೂ, ಗುಳ್ಳವನ್ನು ಮಟ್ಟುಗುಳ್ಳವೆಂಬ ಹೆಸರಿನಲ್ಲಿಯೂ ಭೌಗೋಳಿಕ ಸೂಚಕದ ಪಟ್ಟಿಯಲ್ಲಿ ಸೇರಿಸಲಾಗಿದೆ. ಎಂದರೆ ಇವು ಆ ಮಣ್ಣು, ಆ ಗಾಳಿ, ಆ ನೀರುಗಳನ್ನು ಬಿಟ್ಟು ಬೇರೆಲ್ಲಿಯೂ ಅದೇ ಗುಣದಿಂದ ಬೆಳೆಯತಕ್ಕವಲ್ಲವೆಂದು ಸರ್ಕಾರವೇ ಒಪ್ಪಿದೆ. ಎಲ್ಲಿಯಾದರೂ ನಿಲ್ಲಬಹುದಾದ ಆಗಾರವು ಬಂದು ನಿಂತುದು ಎಲ್ಲಿಯೂ ಬೆಳೆಯಲಾರದ ಬೆಳೆಗಳ ನೆರೆಯಲ್ಲಿ.

ಇಲ್ಲಿ ದೊಡ್ಡ ಆಗಾರವೊಂದನ್ನು ಸ್ಥಾಪಿಸಬೇಕೆಂಬ ಯೋಚನೆಯು ಎಲ್ಲೂರಿನದಕ್ಕಿಂತ ಹಳೆಯದು. 1990ರ ದಶಕದಲ್ಲಿ ಭಾರತಸರ್ಕಾರವು ವಿದ್ಯುದುತ್ಪಾದನೆಯನ್ನು ಖಾಸಗಿಯವರಿಗೆ ತೆರೆದಾಗ, ತ್ವರಿತಗತಿಯ ಯೋಜನೆಗಳೆಂದು ಎಣಿಸಿದ ಎಂಟರಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಸಂಸ್ಥೆಯು ನಂದಿಕೂರಿನಲ್ಲಿ ಕಟ್ಟಬೇಕೆಂದಿದ್ದ ಸುಮಾರು 1000 ಮೆಗಾವಾಟಿನ ಕಲ್ಲಿದ್ದಲಿನ ಆಗಾರವೂ ಒಂದು. ಊರಿನವರು ಪ್ರತಿಭಟಿಸಿದರು, ಮೊಕದ್ದಮೆಗಳು ನಡೆದವು, ಅನುಮತಿಗಳು ಎಳೆದಾಡಿದವು. 1999ರ ಡಿಸೆಂಬರಿನಲ್ಲಿ ಆ ಸಂಸ್ಥೆಯು ತಾನು ಹಿಂದೆಗೆಯುವುದಾಗಿ ಪ್ರಕಟಿಸಿತು. ಆದರೆ ಹೋದುದು ಸಂಸ್ಥೆಯೇ ಹೊರತು ಯೋಜನೆಯಲ್ಲ. ನಾಗಾರ್ಜುನ ಸಂಸ್ಥೆಯವರು ಅದೇ ಸೀಮೆಯಲ್ಲಿ ಬೇರೆ ಯೋಜನೆಯನ್ನು ಹಿಡಿದರು. ಅದು ಲ್ಯಾಂಕೋ ಸಂಸ್ಥೆಯವರ ಕೈಗೆ ಹೋಗಿ ಉಡುಪಿ ಪವರ್ ಕಾರ್ಪೊರೇಷನ್ ಎಂಬ ಹೆಸರನ್ನು ಪಡೆಯಿತು. 600 ಮೆಗಾವಾಟಿನ ಮೊದಲ ಘಟಕವು 2010ರ ನವೆಂಬರಿನಲ್ಲಿಯೂ, ಅಷ್ಟೇ ಶಕ್ತಿಯ ಎರಡನೆಯದು 2012ರ ಆಗಸ್ಟಿನಲ್ಲಿಯೂ ವಾಣಿಜ್ಯೋತ್ಪಾದನೆಯನ್ನು ಆರಂಭಿಸಿದವು. 2015ರಲ್ಲಿ ಅದಾನಿ ಸಂಸ್ಥೆಯವರು ಅದನ್ನು ಕೊಂಡರು. ಮೂಲದ ಒಪ್ಪಂದದಂತೆ ಹತ್ತರಲ್ಲಿ ಒಂಬತ್ತು ಪಾಲು ವಿದ್ಯುತ್ತು ಕರ್ನಾಟಕಕ್ಕೆ, ಒಂದು ಪಾಲು ಪಂಜಾಬಿಗೆ.

ಇದ್ದಲಿನ ದಾರಿಯನ್ನು ಕುರಿತು ತುಸು ವಿಸ್ತಾರವಾಗಿಯೇ ಹೇಳಬೇಕು. ಅದು ಇಂಡೋನೇಷ್ಯ ಮೊದಲಾದ ದೇಶಗಳಿಂದ ಹಡಗಿನಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಬಂದು, ಅಲ್ಲಿಂದ ಕೊಂಕಣ ರೈಲ್ವೆಯ ಮೇಲೆ ಎಲ್ಲೂರಿಗೆ ಬರುತ್ತದೆ. ಈ ಬಂದರು 1974ರಲ್ಲಿ ಮಹಾಬಂದರೆಂದು ಘೋಷಿತವಾದುದು. ಅದರ ಬೆಳವಣಿಗೆಗೆ ಕಾರಣವಾದವುಗಳಲ್ಲಿ ಮುಖ್ಯವಾದುದೊಂದು ಘಟ್ಟದ ಮೇಲಿನಿಂದ, ಮೂಡಿಗೆರೆ–ಕಳಸದ ಸೀಮೆಯಿಂದಲೇ, ಇಳಿದುಬಂದಿತ್ತು. ಕುದುರೆಮುಖದಲ್ಲಿ ತೋಡಿದ ಕಬ್ಬಿಣದ ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಭದ್ರೆಯ ಉಗಮದ ಬಳಿಯ ನೀರು ಹೀಗೆ ಪೂರ್ವಕ್ಕೆ ಹರಿಯುವುದನ್ನು ಬಿಟ್ಟು ಕೊಳವೆಯೊಳಗೆ ಪಶ್ಚಿಮಕ್ಕೆ ಹರಿಯಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಆ ಗಣಿಯು ನಿಂತಿತು. ಅದಿರನ್ನು ಹೊರಕ್ಕೆ ಸಾಗಿಸಿದ ಬಂದರು ಐದು ವರ್ಷಗಳೊಳಗಾಗಿ ಎಲ್ಲೂರಿಗೆ ಇದ್ದಲನ್ನು ಒಳಕ್ಕೆ ಸಾಗಿಸತೊಡಗಿತು.

ಇನ್ನು ಆಗಾರದ ಕಾರ್ಯಕ್ರಮ. ಇದ್ದಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಗಾಳಿಯೊಡನೆ ಕುಲುಮೆಗೆ ಊದುತ್ತಾರೆ. ಅದರ ಉರಿಯಿಂದ ಬಾಯ್ಲರಿನ ಕೊಳವೆಗಳಲ್ಲಿ ಶುದ್ಧೀಕರಿಸಿದ ಸಿಹಿನೀರು ಉಗಿಯಾಗುತ್ತದೆ. ಆ ಉಗಿಯು ಟರ್ಬೈನಿನ ಅಲಗುಗಳನ್ನು ತಳ್ಳಿ ನಿಮಿಷಕ್ಕೆ 3000 ಸುತ್ತು ತಿರುಗಿಸುತ್ತದೆ. ಅದರ ಅಚ್ಚಿಗೇ ಸೇರಿಸಿದ ಜನಕಯಂತ್ರದಲ್ಲಿ ವಿದ್ಯುತ್ತು ಹುಟ್ಟುತ್ತದೆ. ತನ್ನ ಕೆಲಸವನ್ನು ಮುಗಿಸಿದ ಉಗಿಯನ್ನು ಮತ್ತೆ ನೀರಾಗಿಸಬೇಕು. ಕಡಲು ಬೇಕಾದುದು ಇಲ್ಲಿ. ಇಂಥ ಆಗಾರದಲ್ಲಿ ಇದ್ದಲಿನ ಶಾಖದ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ವಿದ್ಯುತ್ತಾಗುತ್ತದೆ. ಮಿಕ್ಕುದರಲ್ಲಿ ಬಹುಭಾಗವನ್ನು ನೀರಿಗೋ ಗಾಳಿಗೋ ಕೊಟ್ಟುಬಿಡಬೇಕು. ಅದಕ್ಕಾಗಿ ಕಡಲ ನೀರನ್ನು ದೊಡ್ಡ ಕೊಳವೆಗಳಲ್ಲಿ ಊರೊಳಕ್ಕೆ ತಂದು, ಕಂಡೆನ್ಸರಿನಲ್ಲಿ ಹಾಯಿಸಿ, ತಂಪುಗೋಪುರಗಳಲ್ಲಿ ಆರಿಸುತ್ತಾರೆ. ಹೊಗೆಯು 275 ಮೀಟರು ಎತ್ತರದ ಚಿಮಣಿಯಿಂದ ಹೊರಡುತ್ತದೆ. ಅದು ಜೋಗದ ಜಲಪಾತಕ್ಕಿಂತ ಎತ್ತರವಾದುದು.

ಜೋಗದ ಮಾತು ಬಂದುದರಿಂದ ಒಂದು ಲೆಕ್ಕವನ್ನು ಮಾಡಬಹುದು. ಜೋಗದಷ್ಟು, ಎಂದರೆ 253 ಮೀಟರು, ಎತ್ತರದಿಂದ ನೀರನ್ನು ಬೀಳಿಸಿ ಒಂದು ಯೂನಿಟ್ಟು ವಿದ್ಯುತ್ತನ್ನು ಪಡೆಯಬೇಕಾದರೆ ಒಂದೂವರೆ ಟನ್ನಿಗೂ ಮೀರಿದ ನೀರು ಬೇಕು. ಎಲ್ಲೂರಿನಲ್ಲಿ ಅದೇ ಯೂನಿಟ್ಟಿಗೆ ಹೆಚ್ಚುಕಡಮೆ ಅರ್ಧ ಕಿಲೋ ಇದ್ದಲು ಸಾಕು. ಭೌಮಾಗ್ನಿಯ ಆಕರ್ಷಣೆಯು ಇದೇ. ಆದರೆ ನೀರು ಚಕ್ರವನ್ನು ತಿರುಗಿಸಿದ ಮೇಲೂ ನೀರಾಗಿಯೇ ಇದ್ದು ಕೆಳಗಣ ಗದ್ದೆಗೆ ಹೋಗುತ್ತದೆ, ಇದ್ದಲು ಹಾಗಲ್ಲ. ಎರಡು ಘಟಕಗಳೂ ಪೂರ್ಣಬಲದಿಂದ ಒಂದು ದಿನ ನಡೆದರೆ 2 ಕೋಟಿ 88 ಲಕ್ಷ ಯೂನಿಟ್ಟು. ಮೇಲಣ ಲೆಕ್ಕದಂತೆ ಸುಮಾರು 14 ಸಾವಿರ ಟನ್ನು ಇದ್ದಲು, ಎಂದರೆ ನಾಲ್ಕು ದೊಡ್ಡ ಗೂಡ್ಸು ರೈಲುಗಳು. ಅದರ ಬೂದಿಯು ಎಲ್ಲೂರಿನಲ್ಲಿಯೇ ಇಳಿಯುತ್ತದೆ. ಸಿಮೆಂಟಿನವರು ಒಯ್ದುದು ಹೋಗಿ ಮಿಕ್ಕುದಕ್ಕೆ ಬೂದಿಹೊಂಡವೇ ಗತಿ.

ಕವಿಸಮಯಗಳನ್ನು ಬಲ್ಲವರಿಗೆ ಕಡಲೂ ಬೆಂಕಿಯೂ ಒಂದೆಡೆ ಸೇರಿದೊಡನೆ ಬಡಬಾನಲವು ನೆನಪಿಗೆ ಬರುವುದು ಸಹಜ. ಅಮರಸಿಂಹನು ಔರ್ವ, ವಾಡವ, ವಡವಾನಲವೆಂದು ಅದಕ್ಕೆ ಮೂರು ಹೆಸರುಗಳನ್ನು ಹೇಳಿದ್ದಾನೆ. ಭೃಗುವಂಶದ ಔರ್ವನ ಕೋಪಾಗ್ನಿಯು ಲೋಕಗಳನ್ನು ಸುಡಲು ಹೊರಟಾಗ ಪಿತೃಗಳು ಅವನನ್ನು ಸಮಾಧಾನಪಡಿಸಿ ಆ ಬೆಂಕಿಯನ್ನು ಸಮುದ್ರದಲ್ಲಿ ಬಿಡಿಸಿದರೆಂಬುದು ಆದಿಪರ್ವದ ಕಥೆ. ಇಂಥ ಆಗಾರಕ್ಕೆ ಬಡಬಾನಲದ ಹೋಲಿಕೆಯು ಕಿವಿಗೆ ಇಂಪಾಗಿರಬಹುದು, ವಿಚಾರಕ್ಕೆ ನಿಲ್ಲುವುದಿಲ್ಲ. ಪುರಾಣದಲ್ಲಿ ನೆಲವು ಉಳಿಯಲೆಂದು ಬೆಂಕಿಯನ್ನು ಕಡಲಿಗೆ ಒಯ್ದರು. ಎಲ್ಲೂರಿನಲ್ಲಿ ಬೆಂಕಿಯು ನೆಲದ ಮೇಲೆಯೇ ಇದ್ದು ಕಡಲನ್ನು ತನ್ನಲ್ಲಿಗೆ ಕರೆಸಿಕೊಂಡಿತು.

ಕರೆದರೆ ಬರುವ ಕಡಲು ತನ್ನ ಉಪ್ಪನ್ನು ಬಿಟ್ಟುಬರುವುದಿಲ್ಲವಷ್ಟೆ. ಆಗಾರವು ನಡೆಯತೊಡಗಿದ ಮೊದಲ ವರ್ಷಗಳಿಂದಲೇ ಬಾವಿಯ ನೀರು ಉಪ್ಪಾಯಿತೆಂದೂ, ಬೆಳೆಗಳ ಮೇಲೆ ಬೂದಿಯೂ ಉಪ್ಪಿನ ಹನಿಯೂ ಬೀಳುತ್ತವೆಂದೂ, ಮಲ್ಲಿಗೆಯ ಮೊಗ್ಗು ಕಡಮೆಯಾಯಿತೆಂದೂ ಸುತ್ತಣ ಗ್ರಾಮಗಳವರು ದೂರಿದರು. ಹೂವಿನ ವಿಷಯದಲ್ಲಿ ಈ ದೂರಿನ ತೂಕವು ಘಟ್ಟದ ಮೇಲಣವರಿಗೆ ಸುಲಭವಾಗಿ ತಿಳಿಯುವಂಥದಲ್ಲ. ಅಲ್ಲಿ ಮಲ್ಲಿಗೆಯು ತೋಟದ ಬೆಳೆಯಲ್ಲ, ಮನೆಯಂಗಳದ ಬೆಳೆ. ಹತ್ತಿಪ್ಪತ್ತು ಗಿಡಗಳನ್ನು ಸಾಕಿದ ಹೆಂಗಸರು ಬೆಳಗಿನ ಝಾವದಲ್ಲಿ ಮೊಗ್ಗನ್ನು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಚೆಂಡು ಅಟ್ಟೆಗಳ ಲೆಕ್ಕದಲ್ಲಿ ಕಟ್ಟೆಗೆ ಕೊಟ್ಟು ಅಂದಂದಿನ ಬೆಲೆಯನ್ನು ಪಡೆಯುತ್ತಾರೆ. ಅಂಥ ಮನೆಯಲ್ಲಿ ಗಿಡಕ್ಕೆ ಕೇಡಾದರೆ ಅಂದಿನ ಸಂಪಾದನೆಯೇ ಹೋಯಿತು. ಆಗಾರದವರು ತಮ್ಮಲ್ಲಿ ಗಂಧಕದ ಹೊಗೆಯನ್ನು ತೊಳೆಯುವ ಯಂತ್ರವೂ ಬೂದಿಯನ್ನು ಹಿಡಿಯುವ ಯಂತ್ರವೂ ಉಂಟೆಂದರು. ಹೊಗೆ ತೊಳೆಯುವ ಯಂತ್ರವು ಆ ಕಾಲದಲ್ಲಿ ಭಾರತದ ಬಹು ಆಗಾರಗಳಲ್ಲಿ ಇರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು.

ನಂದಿಕೂರಿನ ಜನಜಾಗೃತಿ ಸಮಿತಿಯವರು ಹೂಡಿದ ವ್ಯಾಜ್ಯವು ಬಹುಕಾಲ ನಡೆದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯ ಮುಂದೆ ಬಂದಿತು. 2019ರ ಮಾರ್ಚಿಯಲ್ಲಿ ಮಂಡಲಿಯು ಮಧ್ಯಂತರ ಪರಿಹಾರವಾಗಿ 5 ಕೋಟಿ ರೂಪಾಯಿಗಳನ್ನು ಠೇವಣಿಯಿಡುವಂತೆ ಸಂಸ್ಥೆಗೆ ಅಪ್ಪಣೆಮಾಡಿ, ಹಾನಿಯನ್ನು ಪರಿಶೀಲಿಸಲು ತಜ್ಞರ ಸಮಿತಿಯನ್ನು ನೇಮಿಸಿತು. ತಲಾ 800 ಮೆಗಾವಾಟಿನ ಇನ್ನೆರಡು ಘಟಕಗಳನ್ನು ಸೇರಿಸಬೇಕೆಂಬ ಪ್ರಸ್ತಾವವು ಅದಕ್ಕೆ ಮೊದಲೇ ಹೊರಟಿತ್ತು, ಅವು ನಿರ್ಮಾಣವಾಗಲಿಲ್ಲ.

ಈ ಚರಿತ್ರೆಯಲ್ಲಿ ಘಟ್ಟದ ಮೇಲಣವರಿಗೂ ಪಾಲುಂಟು. ಎಲ್ಲೂರಿನಿಂದ 400 ಕಿಲೋವೋಲ್ಟಿನ ತಂತಿಯು ಪಶ್ಚಿಮಘಟ್ಟಗಳನ್ನೇರಿ ಹಾಸನದ ಬಳಿಯ ಶಾಂತಿಗ್ರಾಮವನ್ನು ಸೇರುತ್ತದೆ. ಹಿಂದೆ ಚಾರ್ಮಾಡಿ ಮೊದಲಾದ ಘಟ್ಟಗಳಲ್ಲಿ ಹೇರೆತ್ತಿನ ಬೆನ್ನಮೇಲೆ ಕಡಲಿನ ಉಪ್ಪು ಮೇಲಕ್ಕೆ ಬರುತ್ತಿತ್ತು. ಈಗ ಉಪ್ಪು ಕೆಳಗೆ ನಿಂತು ವಿದ್ಯುತ್ತು ಮಾತ್ರ ಮೇಲೇರುತ್ತದೆ. 1956ರವರೆಗೆ ಎಲ್ಲೂರಿನ ಸೀಮೆಯು ಮದರಾಸಿಗೂ ಚಿಕ್ಕಮಗಳೂರು ಮೈಸೂರಿಗೂ ಸೇರಿದ್ದವು. ಈಗ ಆಲ್ದೂರು, ಮೂಡಿಗೆರೆ, ಕಳಸಗಳಿಗೆ ವಿದ್ಯುತ್ತನ್ನು ಹಂಚುವುದು ಮಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ ಮೆಸ್ಕಾಂ. ಒಂದೇ ಜಾಲದಲ್ಲಿ ಬೆರೆತ ವಿದ್ಯುತ್ತಿನಲ್ಲಿ ಶರಾವತಿಯದೆಷ್ಟು, ಎಲ್ಲೂರಿನದೆಷ್ಟು ಎಂದು ಆಲ್ದೂರಿನ ದೀಪದಲ್ಲಿ ಬೇರ್ಪಡಿಸಿ ತೋರಿಸಲಾಗದು. ಆದರೆ ಕಾಲವನ್ನು ನೋಡಿ ಊಹಿಸಬಹುದು. ಮಳೆಗಾಲದಲ್ಲಿ ಜಲಾಶಯಗಳು ತುಂಬಿರುವಾಗ ಇದ್ದಲಿನ ಘಟಕಗಳನ್ನು ತಗ್ಗಿಸುವುದೋ ನಿಲ್ಲಿಸುವುದೋ ವಾಡಿಕೆ. ಮಾಘ ಫಾಲ್ಗುಣಗಳಲ್ಲಿ ಹೂಮಳೆಯು ಬಾರದೆ ಕಾಫಿ ಬೆಳೆಗಾರರು ಪಂಪುಗಳನ್ನು ಹೂಡಿ ತುಂತುರು ನೀರು ಹಾಯಿಸುವ ಹೊತ್ತಿಗೆ ನೀರಿನ ವಿದ್ಯುತ್ತನ್ನು ಕೈಹಿಡಿದು ಖರ್ಚುಮಾಡಬೇಕಾಗುತ್ತದೆ. ಆಗ ಬೆಂಕಿಯ ವಿದ್ಯುತ್ತಿಗೆ ಕರೆ ಬರುತ್ತದೆ. ಮೇಲಣ ಕಾಫಿಯ ಹೂವೂ ಕೆಳಗಣ ಮಲ್ಲಿಗೆಯ ಹೂವೂ ಒಂದೇ ತಂತಿಯ ಎರಡು ಕೊನೆಗಳಲ್ಲಿವೆ.

ದರದ ವಿಷಯವೂ ಹೀಗೆಯೇ. ಘಟಕವು ನಿಂತಿದ್ದರೂ, ನಡೆಯಲು ಸಿದ್ಧವಾಗಿದ್ದಷ್ಟಕ್ಕೆ ಸ್ಥಿರಶುಲ್ಕವನ್ನು ಕೊಡಬೇಕೆಂಬುದು ಇಂಥ ಒಪ್ಪಂದಗಳ ಕ್ರಮ. ಇದ್ದಲಿನ ಬೆಲೆ ಬೇರೆ. ಇಂಡೋನೇಷ್ಯದ ಸರ್ಕಾರವು 2010ರಲ್ಲಿ ತನ್ನ ಇದ್ದಲಿನ ರಫ್ತಿಗೆ ಮಾರುಕಟ್ಟೆಯ ದರವನ್ನೇ ಆಧಾರವಾಗಿ ಗೊತ್ತುಮಾಡಿದಾಗ ಆಮದು ಇದ್ದಲನ್ನು ನಂಬಿದ ಆಗಾರಗಳಿಗೆಲ್ಲ ಅದರ ಬಿಸಿ ತಗಲಿತು. ಶಿವನಸಮುದ್ರದ ವಿದ್ಯುತ್ತಿನ ಬೆಲೆಯನ್ನು ಮೈಸೂರಿನ ದಿವಾನರು ಗೊತ್ತುಮಾಡುತ್ತಿದ್ದರು; ಎಲ್ಲೂರಿನದರಲ್ಲಿ ಒಂದು ಪಾಲನ್ನು ಜಕಾರ್ತದವರು ಗೊತ್ತುಮಾಡುತ್ತಾರೆ.

ತಜ್ಞರ ಸಮಿತಿಯ ವರದಿ ಬಂದ ಮೇಲೆ, 2022ರ ಮೇ 31ರಂದು, ಹಸಿರು ನ್ಯಾಯಮಂಡಲಿಯ ದಕ್ಷಿಣಪೀಠವು ಪರಿಸರದ ಹಾನಿಗಾಗಿ ಸಂಸ್ಥೆಯು ಸುಮಾರು 52 ಕೋಟಿ ರೂಪಾಯಿಗಳ ಪರಿಹಾರವನ್ನು ತೆರಬೇಕೆಂದು ಆದೇಶಿಸಿತು. ಮೊದಲ ಘಟಕವು ಹೊತ್ತಿಕೊಂಡು ಅಂದಿಗೆ ಹನ್ನೆರಡನೆಯ ವರ್ಷ ನಡೆಯುತ್ತಿತ್ತು.